ಗಿಡ ಬೇಡ, ಉಪ್ಪಾಗೆ ಬಿಡು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಮಗಳ ಹುಟ್ಟುಹಬ್ಬಕ್ಕೆ ಊರ ಕಡೆ ಐನೂರು ಗಿಡ ನೆಡಿಸಬೇಕು, ಜಾಗ ಹುಡುಕು ಅಂದಿದ್ದೀಯಲ್ಲ. ನಿನ್ನ ಮನಸ್ಸು ದೊಡ್ಡದು. ಆದರೂ ಬೇಡ ಮಾರಾಯ, ಅದರ ಬದಲು ನಿನ್ನ ಬೆಟ್ಟದಲ್ಲಿರುವ ಉಪ್ಪಾಗೆ, ಅದೇ ಹುಳಿಹಣ್ಣಿನ ಕಾಡುಮರ, ಅದನ್ನು ಹಾಗೇ ಬಿಡು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹೋದ ವಾರ ಶರಾವತಿ ಕಣಿವೆಯ ಕತ್ತಲೆಕಾನು ಕಾಡಿಗೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆಲ್ಲ ಮಬ್ಬು. ಮೇ ಕೊನೆ, ನಮ್ಮ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿಲ್ಲ. ಅಲ್ಲಿ ಜಾಯಿಕಾಯಿ ಬಳಗದ ರಾಮಪತ್ರೆ ಮರಗಳ ಜಡ್ಡಿ, ಅಂದರೆ ಜೌಗುಕಾಡು ಇದೆಯಲ್ಲ, ಅದರಲ್ಲಿ ಮಾತ್ರ ಪಾದ ಮುಳುಗುವಷ್ಟು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಮಡಚಿದ ಮೊಣಕಾಲಿನ ಹಾಗೆ ಬೇರುಗಳು ಕೆಸರಿನಿಂದ ಎದ್ದು ಮತ್ತೆ ಕೆಸರಿಗೇ ಇಳಿದಿವೆ. ಕೆಸರೊಳಗೆ ಗಾಳಿ ಸಿಗುವುದಿಲ್ಲ, ಅದಕ್ಕೇ ಹೊರಗೆ ಬಂದು ಉಸಿರಾಡುತ್ತವೆ.

ಈ ಮರಗಳ ಬೀಜ ಒಣಗಿದರೆ ಮುಗಿಯಿತು, ಮೊಳೆಯುವುದಿಲ್ಲ. ಹಣ್ಣು ಬಿರಿದಾಗ ಬೀಜದ ಮೇಲಿನ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಬರಬೇಕು. ನುಂಗಿ, ಹಾರಿಹೋಗಿ, ಬೇರೆಲ್ಲೋ ಬೀಜ ಉಗುಳಬೇಕು. ಬಿದ್ದ ಜಾಗ ಒದ್ದೆ ಇರಬೇಕು, ಮೇಲೆ ನೆರಳಿರಬೇಕು. ನರ್ಸರಿಯಲ್ಲಿ ಸಸಿ ಎಬ್ಬಿಸಬಹುದು ಅನ್ನು, ನೆಡಲಿಕ್ಕೆ ಇನ್ನೊಂದು ಜಡ್ಡಿ ಎಲ್ಲಿಂದ ತರೋಣ? ಎಷ್ಟೋ ಜಡ್ಡಿಗಳು ನಮ್ಮ ಅಜ್ಜಂದಿರ ಕಾಲಕ್ಕೇ ಗದ್ದೆ, ತೋಟ ಆಗಿಹೋಗಿವೆ. ಉಳಿದದ್ದು ಚೂರುಪಾರು.

ಆ ಚೂರುಗಳಲ್ಲೇ ಏನೆಲ್ಲ ಇದೆ ನೋಡು. ಗೇರಿನ ಬಳಗದ ಒಂದು ಮರಕ್ಕೆ 2000ದಲ್ಲಿ ವಿಜ್ಞಾನಿಗಳು ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಅಲ್ಲಿಯ ಹಳ್ಳದ ಒಂದು ಕಪ್ಪೆಗೆ 2014ರಲ್ಲಿ ಕುಂಬಾರ ಕಪ್ಪೆ ಅಂತ ಹೆಸರಾಯಿತು. ಗಂಡುಕಪ್ಪೆ ಮುಂಗಾಲಿನಲ್ಲಿ ಹಳ್ಳದ ಮಣ್ಣು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ನಾವು ಇಷ್ಟು ವರ್ಷ ಅದೇ ಸೀಮೆಯಲ್ಲಿ ಓಡಾಡಿಕೊಂಡಿದ್ದೆವು, ಗೊತ್ತೇ ಇರಲಿಲ್ಲ ಅಲ್ವಾ?

ಇನ್ನು ಸಿಂಗಳೀಕ, ಸಿಂಹದ ಬಾಲದ ಕಪ್ಪು ಕೋತಿ. ಪಶ್ಚಿಮ ಘಟ್ಟ ಬಿಟ್ಟರೆ ಭೂಮಿಯ ಮೇಲೆ ಬೇರೆ ಯಾವ ಕಾಡಲ್ಲೂ ಇಲ್ಲ. ಒಟ್ಟು 4000ದ ಆಸುಪಾಸು ಅಂತ ಅಂದಾಜು. ನೆಲಕ್ಕೆ ಇಳಿಯುವುದು ತೀರಾ ಕಡಿಮೆ, ಕೊಂಬೆಯಿಂದ ಕೊಂಬೆಗೇ ಅದರ ದಾರಿ. ನಡುವೆ ಅಗಲವಾದ ರಸ್ತೆ ಬಂದರೆ ದಾರಿ ಅಲ್ಲಿಗೇ ಕಡಿಯಿತು. ಹೆಣ್ಣು ಒಮ್ಮೆಗೆ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಎರಡು ವರ್ಷಕ್ಕಿಂತ ಜಾಸ್ತಿ ಬೇಕು. ಕಳೆದುಕೊಂಡದ್ದು ಬೇಗ ತುಂಬಿಬರುವುದಿಲ್ಲ.

2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು 930 ಚದರ ಕಿಲೋಮೀಟರಿಗೆ ಹಿಗ್ಗಿಸಿ ಸಿಂಗಳೀಕದ ಹೆಸರನ್ನೇ ಸೇರಿಸಿದರು. ಖುಷಿಪಟ್ಟಿದ್ದೆವು. ಅದೇ ಕಣಿವೆಯಲ್ಲಿ ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ನೀರು ಏರಿಸಿ ಇಳಿಸುವ 2000 ಮೆಗಾವಾಟಿನ ವಿದ್ಯುತ್ ಯೋಜನೆ ಮಾಡಹೊರಟಿದ್ದಾರೆ. ಇಂಥ ಯೋಜನೆಗಳಿಗೆ ಕಾಡು ಕೊಟ್ಟಾಗ ಬದಲಿಗೆ ಬೇರೆ ಕಡೆ ಗಿಡ ನೆಡಬೇಕು ಅಂತ ಕಾನೂನಿದೆ. ಆ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಬೇರೆ ಕಡೆ ನೆಟ್ಟ ಸಸಿಯ ಮೇಲೆ ಇಲ್ಲಿಯ ಸಿಂಗಳೀಕ ಹೇಗೆ ದಾಟೀತು? ಅದಕ್ಕೇ ನಿನ್ನ ಐನೂರು ಗಿಡದ ಮಾತು ಬಂದಾಗ ಮನಸ್ಸು ಸ್ವಲ್ಪ ನೊಂದಿತು, ತಪ್ಪು ತಿಳಿಯಬೇಡ.

ನಿನ್ನಿಂದ ಆಗುವುದು ಒಂದಿದೆ. ನಿನ್ನ ಬೆಟ್ಟದಲ್ಲಿ ಒಂಬತ್ತು ಉಪ್ಪಾಗೆ ಮರ ಇವೆ, ನಿಂತು ಎಣಿಸಿ ಬಂದೆ. ಉಪ್ಪಾಗೆ ಅಂದರೆ ಸಿಂಗಳೀಕಕ್ಕೆ ಮಳೆಗಾಲದ ಊಟ. ಸಿಪ್ಪೆಗೆ ರೇಟು ಬಂದ ಮೇಲೆ ಕೊಯ್ಯುವವರು ಹಣ್ಣಾಗುವವರೆಗೆ ಕಾಯುವುದಿಲ್ಲ. ಇನ್ನೊಬ್ಬರು ಮೊದಲು ಕೊಯ್ದಾರು ಅಂತ ಕಾಯಿಯನ್ನೇ ಬಡಿಯುತ್ತಾರೆ. ಕೈಗೆ ಸಿಗದಿದ್ದರೆ ಕೊಂಬೆಯನ್ನೇ ಕಡಿಯುತ್ತಾರೆ. ಒದ್ದೆ ಸಿಪ್ಪೆ ಒಣಗಿಸಲಿಕ್ಕೆ ಮತ್ತೆ ರಾಶಿ ಕಟ್ಟಿಗೆ. ಅವರನ್ನು ಬಯ್ಯಲಾರೆ, ಮಳೆಗಾಲದಲ್ಲಿ ಅವರಿಗೂ ಬೇರೆ ದುಡ್ಡಿನ ದಾರಿಯಿಲ್ಲ. ಗಿಡಕ್ಕೆ ಇಟ್ಟ ಹಣವನ್ನು ಅವರಿಗೇ ಕೊಡೋಣ. ನಾಲ್ಕು ಮರದ್ದು ಅವರು ಹಣ್ಣಾದ ಮೇಲೆ ಕೊಯ್ಯಲಿ. ಹಳ್ಳದ ಬದಿಯ ಐದು ಮರ ಹಾಗೇ ಇರಲಿ.

ಕೊಯ್ಯುವವರು ಸೋಮವಾರ ಕೇಳಲು ಬರುತ್ತಾರೆ. ಅದಕ್ಕೂ ಮೊದಲು ಫೋನ್ ಮಾಡು.

ನಿನ್ನ ಗೆಳೆಯ