ಹೊಸ ಫ್ಲ್ಯಾಟ್ ನೋಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ನೋಡುತ್ತಿರುವವರು ಅಡ್ವಾನ್ಸ್ ಕೊಡುವ ಮುಂಚೆ ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಅಧಿಕಾರಿಗಳು ಕೊಡುವ ಪತ್ರ) ಕೇಳಿ. "ಅರ್ಜಿ ಹಾಕಿದ್ದೇವೆ, ಬಂದುಬಿಡುತ್ತೆ" ಅಂದರೆ ಒಪ್ಪಬೇಡಿ, ಕಾಗದ ಕಣ್ಣಾರೆ ನೋಡಿ. ಪೂರ್ತಿ ಹಣ ಓಸಿ ಬಂದ ಮೇಲೆ ಕೊಟ್ಟರೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವಾಗಲೇ ಕೊಂಡರೆ ಸಾಮಾನ್ಯವಾಗಿ ಶೇ. 5. ಅಂದರೆ 80 ಲಕ್ಷಕ್ಕೆ 4 ಲಕ್ಷ, ಜಾಸ್ತಿನೇ ಅಲ್ವಾ? ರೇರಾ ನಂಬರ್ (ಮನೆ ಕೊಳ್ಳುವವರನ್ನು ಕಾಯುವ ರೇರಾ ಕಾಯ್ದೆಯಡಿ ಕಟ್ಟಡದ ನೋಂದಣಿ), ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ), ಇಸಿ (ಆಸ್ತಿಯ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಪತ್ರ) ಕೂಡ ಬಿಡಬೇಡಿ.

ಆಮೇಲೆ ಒಂದು ಬಕೆಟ್ ನೀರು. ಹೋದ ವಾರ ನಾವು ನೋಡಿದ ಮನೆಯ ಬಚ್ಚಲಲ್ಲಿ ನೀರು ಸುರಿದೆ. ಅದು ಜಾಲರಿ ಕಡೆ ಹೋಗದೆ ಸೀದಾ ಬಾಗಿಲಿಗೆ ಬಂತು. ಗೋಡೆಯ ಬಣ್ಣ ಮಾತ್ರ ಫಳಫಳ! ಅಲ್ಲೇ ಬೇಡ ಅಂದೆವು.

ಈಗಾಗಲೇ ಕೊಂಡವರು ಧೈರ್ಯವಾಗಿರಿ. ಕೀಲಿ ಸಿಕ್ಕ 5 ವರ್ಷದೊಳಗೆ ಕಟ್ಟಡದ ದೋಷ ಕಂಡು ತಿಳಿಸಿದರೆ, ರೇರಾ ಕಾಯ್ದೆಯಂತೆ ಬಿಲ್ಡರೇ ಸರಿಮಾಡಿಸಬೇಕು. ಸುಮ್ನೆ ಫೋನಲ್ಲಿ ಹೇಳಬೇಡಿ, ಬರೆದು ಕೊಡಿ.