ರೋಮ್‌ನ ರಾಜಪಟ್ಟ ಅಪ್ಪನಿಂದ ಮಗನಿಗೆ ಬರುತ್ತಿರಲಿಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೆಯ ರೋಮ್ ಕುರಿತ ಲೇಖನ ಓದಿ ಖುಷಿಯಾಯಿತು. ಆದರೆ ಮೊದಲ ಏಳು ರಾಜರನ್ನು ‘ರಾಜವಂಶ’ ಎಂದು ಕರೆದು, ಅವರು ಆಡಿದ್ದೇ ಕಾನೂನು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಅದನ್ನು ಒಪ್ಪುವುದು ಕಷ್ಟ.

ಆ ಏಳು ಜನರಲ್ಲಿ ಒಬ್ಬನೂ ಅಪ್ಪ ಸತ್ತ ಕೂಡಲೇ ಪಟ್ಟಕ್ಕೆ ಬಂದವನಲ್ಲ. ಎರಡನೆಯ ರಾಜ ನೂಮಾನನ್ನು ನೆರೆಯ ಜನಾಂಗವಾದ ಸಬೈನರ ಊರಿನಿಂದ ಕರೆಸಿಕೊಂಡರು. ಐದನೆಯವನಾದ ಟಾರ್ಕ್ವಿನಿಯಸ್ ಪ್ರಿಸ್ಕಸ್, ರೋಮ್‌ನ ಉತ್ತರಕ್ಕಿದ್ದ ಎಟ್ರುಸ್ಕನ್ ಜನರ ಪಟ್ಟಣದಿಂದ ವಲಸೆ ಬಂದವನು. ಅವನ ಅಪ್ಪ ಗ್ರೀಸಿನ ಕೊರಿಂಥ್‌ನವನು. ಇತಿಹಾಸಕಾರ ಲಿವಿ ಹೇಳುವ ಕಥೆ ಮಜವಾಗಿದೆ. ಸತ್ತ ರಾಜನ ಮಕ್ಕಳನ್ನು ಚುನಾವಣೆಯ ಹೊತ್ತಿಗೆ ಸರಿಯಾಗಿ ಬೇಟೆಗೆ ಸಾಗಹಾಕಿ, ಈತ ಜನರ ಮುಂದೆ ನಿಂತು ಭಾಷಣ ಮಾಡಿ ಪಟ್ಟ ಕೇಳಿದನಂತೆ. ವಂಶದ ಹಕ್ಕೇ ಇದ್ದಿದ್ದರೆ ಭಾಷಣಕ್ಕೆ ಜಾಗವೇ ಇರುತ್ತಿರಲಿಲ್ಲ, ಅಲ್ವಾ?

ರಾಜ ಸತ್ತರೆ ಅಧಿಕಾರ ಸೆನೆಟ್ ಎಂಬ ಸಭೆಯ ಹಿರಿಯರಿಗೆ ಮರಳುತ್ತಿತ್ತು. ಅವರು ಸರದಿಯಂತೆ ಐದೈದು ದಿನ ಹಂಗಾಮಿ ರಾಜರಾಗುತ್ತಿದ್ದರು. ಹೊಸಬನ ಹೆಸರನ್ನು ಹಂಗಾಮಿ ರಾಜ ಸೂಚಿಸಬೇಕು, ಜನಸಭೆ ಒಪ್ಪಬೇಕು, ಸೆನೆಟ್ ಮುದ್ರೆ ಒತ್ತಬೇಕು. ಸಾಲದ್ದಕ್ಕೆ ದೇವರ ಒಪ್ಪಿಗೆಯೂ ಬೇಕು. ನೂಮಾನನ್ನು ಬೆಟ್ಟದ ಮೇಲೆ ಒಂದು ಕಲ್ಲಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರು. ಶಕುನ ನೋಡುವವನು ತಲೆಗೆ ಮುಸುಕು ಹಾಕಿಕೊಂಡು ಎಡಗಡೆ ಕೂತ. ಕೈಯಲ್ಲಿದ್ದ ಡೊಂಕು ಕೋಲನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ನೂಮಾನ ತಲೆಯ ಮೇಲಿಟ್ಟು, ಗುರುತು ತೋರಿಸಪ್ಪಾ ಎಂದು ದೇವರಾಜ ಜೂಪಿಟರ್‌ನನ್ನು ಬೇಡಿಕೊಂಡ.

ಇಷ್ಟೆಲ್ಲಾ ದಾಟಿದ ಮೇಲೆ ಅಧಿಕಾರ ಮಾತ್ರ ದೊಡ್ಡದೇ. ಸೈನ್ಯ, ನ್ಯಾಯ, ದೇವರ ಕೆಲಸ ಮೂರೂ ಅವನದೇ. ಮುಂದೆ 12 ಜನ ಕೋಲಿನ ಕಟ್ಟು ಮತ್ತು ಕೊಡಲಿ ಹೊತ್ತು ನಡೆಯುತ್ತಿದ್ದರು. ಕೋಲು ಹೊಡೆಯಲು, ಕೊಡಲಿ ತಲೆ ತೆಗೆಯಲು, ಸುಮ್ನೆ ಶೋಕಿಗಲ್ಲ. ಆದರೂ ಶತ್ರುವಿಗಾಗಿ ಅತ್ತಳೆಂದು ತಂಗಿಯನ್ನೇ ಕೊಂದ ಹೊರೇಷಿಯಸ್‌ನ ಪ್ರಕರಣ ನೋಡಿ. ರಾಜ ಟುಲ್ಲಸ್ ತಾನೇ ತೀರ್ಪು ಕೊಡದೆ ಇಬ್ಬರನ್ನು ನೇಮಿಸಿದ. ಅವರು ಮರಣದಂಡನೆ ಎಂದರು. ಹೊರೇಷಿಯಸ್ ಜನರಿಗೆ ಮೇಲ್ಮನವಿ ಸಲ್ಲಿಸಿದ, ಜನ ಬಿಟ್ಟುಬಿಟ್ಟರು.

ಲೇಖನದ ವರ್ಣನೆ ಚೆನ್ನಾಗಿ ಹೊಂದುವುದು ಕೊನೆಯವನಾದ ಟಾರ್ಕ್ವಿನಿಯಸ್ ಸುಪರ್ಬಸ್‌ಗೆ. ಅವನಿಗೆ ಜನರ ಓಟೂ ಇಲ್ಲ, ಸೆನೆಟ್ಟಿನ ಒಪ್ಪಿಗೆಯೂ ಇಲ್ಲ. ಸಾವಿನ ಶಿಕ್ಷೆಯ ಮೊಕದ್ದಮೆಗಳನ್ನೂ ಯಾರನ್ನೂ ಕೇಳದೆ ಒಬ್ಬನೇ ತೀರ್ಮಾನಿಸುತ್ತಿದ್ದ. ಅವನನ್ನೇ ಅಳತೆಗೋಲು ಮಾಡಿಕೊಂಡು ಉಳಿದ ಆರು ಜನರನ್ನು ಅಳೆಯುವುದು ನ್ಯಾಯವಲ್ಲ.

ಇದೆಲ್ಲ ಪೂರ್ತಿ ನಿಜವೇ ಎಂದು ಕೇಳಬಹುದು. ಲಿವಿ ಬರೆದದ್ದು ರಾಜರು ಹೋಗಿ ಸುಮಾರು 500 ವರ್ಷ ಆದಮೇಲೆ. ಕ್ರಿ.ಪೂ. 753ರಿಂದ 509ರವರೆಗೆ 244 ವರ್ಷವನ್ನು ಏಳೇ ಜನ ಆಳಿದರು ಎನ್ನುವುದೂ ಜಾಸ್ತಿಯಾಯಿತು. ಆದರೆ 1899ರಲ್ಲಿ ರೋಮ್‌ನ ಹಳೆಯ ಸಾರ್ವಜನಿಕ ಚೌಕವಾದ ಫೋರಂನ ಕಪ್ಪು ಕಲ್ಲಿನ ಹಾಸಿನ ಕೆಳಗೆ ಸಿಕ್ಕ ಶಾಸನದಲ್ಲಿ ರಾಜನ ಉಲ್ಲೇಖವಿದೆ. ಹಾಗಾಗಿ ರಾಜರೇ ಕಟ್ಟುಕಥೆ ಎನ್ನುವಂತಿಲ್ಲ.

ಕ್ರಿ.ಪೂ. 509ರಲ್ಲಿ ರೋಮನ್ನರು ರಾಜನನ್ನು ಓಡಿಸಿದರೇ ಹೊರತು ಆ ಅಧಿಕಾರವನ್ನಲ್ಲ. ಅದನ್ನು ಕಾನ್ಸಲ್ ಎಂಬ ಇಬ್ಬರು ಚುನಾಯಿತ ಅಧಿಕಾರಿಗಳಿಗೆ, ಒಂದೇ ವರ್ಷದ ಮಟ್ಟಿಗೆ ಕೊಟ್ಟರು. ಬಲಿಪೂಜೆಗೆ ಮಾತ್ರ ‘ರಾಜ’ ಎಂಬ ಹೆಸರಿನ ಪುರೋಹಿತನೊಬ್ಬನನ್ನು ಇಟ್ಟುಕೊಂಡು, ಅವನಿಗೆ ಬೇರೆ ಸರ್ಕಾರಿ ಹುದ್ದೆ ಸಿಗದಂತೆ ನೋಡಿಕೊಂಡರು. ಮುಂದಿನ ಕಂತು ಗಣರಾಜ್ಯದ ಬಗ್ಗೆ ಎಂದು ಪ್ರಕಟಿಸಿದ್ದೀರಿ. ಅದರಲ್ಲಿ ಈ ಕಾನ್ಸಲ್‌ಗಳ ವಿಷಯಕ್ಕೆ ನಾಲ್ಕು ಸಾಲು ಜಾಸ್ತಿ ಕೊಡಿ.

– ಒಬ್ಬ ಓದುಗ, ತುಮಕೂರು