ಅಮ್ಮನ ಹೃದಯದ ಚಿಕಿತ್ಸೆಗೆ ನೆರವಾದ ಎಲ್ಲರಿಗೂ

ಅಮ್ಮ ಮನೆಗೆ ಬಂದಿದ್ದಾಳೆ. ಈಗ ಮಹಡಿ ಹತ್ತಿದರೆ ಎದೆ ಹಿಡಿಯುವುದಿಲ್ಲ. ಫೋನ್ ಮಾಡಿ ವಿಚಾರಿಸಿದವರು ಬಹಳ ಜನ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ, ಅಮ್ಮನ ಹೃದಯದ ರಕ್ತನಾಳದ ಬ್ಲಾಕ್ ತೆರೆಯದೆ ನಿಲ್ಲಿಸಿದ ಡಾಕ್ಟರಿಗೆ. ನಮ್ಮೂರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ (ತೆಳು ವೈರಿನ ಮೇಲೆ ಬಲೂನ್ ಕಳಿಸಿ ಬ್ಲಾಕ್ ತೆರೆಯುವುದು) ಶುರು ಮಾಡಿದವರು ಅವರು. ವೈರ್ ದಾಟಿತು, ಆದರೆ ಬಲೂನ್ ಉಬ್ಬಲಿಲ್ಲ. ಒತ್ತಡ ಹೆಚ್ಚಿಸಿದರೂ ಬ್ಲಾಕ್ ಇರುವ ಕಡೆ ನಡು ಕಟ್ಟಿದ ಹಾಗೆಯೇ ಉಳಿಯಿತು. ಅವರು ಅಲ್ಲಿಗೇ ಬಿಟ್ಟು ಹೊರಗೆ ಬಂದು, "ಇನ್ನೂ ಒತ್ತಿದರೆ ರಕ್ತನಾಳ ಹರಿಯಬಹುದು. ಇದಕ್ಕೆ ಬೇಕಾದ ಸಲಕರಣೆ ನಮ್ಮಲ್ಲಿಲ್ಲ, ಮೈಸೂರಿಗೆ ಕರ್ಕೊಂಡು ಹೋಗಿ" ಎಂದರು. ಆಗ ನಮಗೆ ಆಕಾಶವೇ ಕಳಚಿ ಬಿದ್ದಂತಾಯಿತು. ಅವರು ನಿಲ್ಲಿಸಿದ್ದು ಎಷ್ಟು ದೊಡ್ಡ ಉಪಕಾರ ಅಂತ ಮೈಸೂರಿಗೆ ಹೋದ ಮೇಲೆ ತಿಳಿಯಿತು. ಗಟ್ಟಿ ಬ್ಲಾಕ್ ಸಡಿಲವಾಗದೆ ಸ್ಟೆಂಟ್ (ರಕ್ತನಾಳ ಮತ್ತೆ ಮುಚ್ಚದಂತೆ ಒಳಗಿಡುವ ಜಾಲರಿ ಕೊಳವೆ) ಕೂರಿಸಿದರೆ ಅದು ಅರ್ಧಂಬರ್ಧ ಬಿಚ್ಚಿಕೊಳ್ಳುತ್ತದೆ. ಅಂಥ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟುವ, ಮತ್ತೆ ಬ್ಲಾಕ್ ಆಗುವ ಭಯ ಜಾಸ್ತಿ. ಅದನ್ನು ಆಮೇಲೆ ಸರಿಪಡಿಸುವುದೂ ಕಷ್ಟ.

ಅಮ್ಮನಿಗೆ ಸಕ್ಕರೆ ಕಾಯಿಲೆ ಬಹಳ ಹಳೆಯದು. ಕಿಡ್ನಿಯೂ ಸ್ವಲ್ಪ ಸೋತಿದೆ. ಇಂಥವರ ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾಗುವುದು ಹೆಚ್ಚಂತೆ. ಮೈಸೂರಿನ ಡಾಕ್ಟರ್ ನಮಗೆ ಪರದೆಯ ಮೇಲೆ ತೋರಿಸಿದರು. ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲೆಂದು ಡೈ ಬಿಡುವ ಮುಂಚೆಯೇ ಕ್ಯಾಲ್ಸಿಯಂನ ಎರಡು ಗೆರೆಗಳು ಹೃದಯದ ಬಡಿತಕ್ಕೆ ಸರಿಯಾಗಿ ಅಲುಗುತ್ತಿದ್ದವು. (ರಾಗಿ, ಹಾಲು ತಿಂದೇ ಹೀಗಾಯ್ತಾ ಅಂತ ತುಂಬ ಜನ ಕೇಳಿದಿರಿ. ಡಾಕ್ಟರ್ ಹಾಗೆ ಹೇಳಲಿಲ್ಲ. ಮುದ್ದೆ ಬಿಡಬೇಕಾಗಿಲ್ಲ.)

ಅಲ್ಲಿನ ಡಾಕ್ಟರು ಬೈಪಾಸ್ ಮಾಡುವ ಸರ್ಜನ್ ಜೊತೆಯೂ ಕೂತು ಮಾತಾಡಿ, ಅಮ್ಮನ ಸ್ಥಿತಿಗೆ ಬೈಪಾಸಿಗಿಂತ ಕೈಯ ಮಣಿಕಟ್ಟಿನ ರಕ್ತನಾಳದಿಂದ ವೈರ್ ಕಳಿಸಿ ಮಾಡುವ ದಾರಿಯೇ ವಾಸಿ ಎಂದು ತೀರ್ಮಾನಿಸಿದರು. ಮೊದಲು ರೋಟಾಬ್ಲೇಷನ್, ಅಂದರೆ ಗಟ್ಟಿ ಬ್ಲಾಕನ್ನು ಉಜ್ಜಿ ಸವೆಸುವುದು. ವೈರಿನ ಮೇಲೆ ಸಾಗುವ ಪುಟ್ಟ ಗುಂಡು, ಅದರ ಮುಂಭಾಗಕ್ಕೆ ವಜ್ರದ ಕಣಗಳು, ನಿಮಿಷಕ್ಕೆ ಸುಮಾರು 1,50,000 ಸುತ್ತು! ಕೇಳಿಯೇ ನನ್ನ ಕೈಕಾಲು ತಣ್ಣಗಾದವು. ಮೃದುವಾದ ಜಾಗಕ್ಕೆ ಏಟಾಗುವುದಿಲ್ಲವಾ ಅಂತ ಕೇಳಿದೆ. ಮುರಿದ ಕೈಗೆ ಹಾಕಿದ ಪ್ಲಾಸ್ಟರನ್ನು ಯಂತ್ರದಲ್ಲಿ ಕತ್ತರಿಸುವಾಗ ಚರ್ಮ ಕುಯ್ಯುವುದಿಲ್ಲ ಅಲ್ವಾ, ಹಾಗೆ ಎಂದರು. ಗಟ್ಟಿಯಾದದ್ದು ಸವೆಯುತ್ತದೆ, ಮೆತ್ತಗಿರುವುದು ಹಿಂದೆ ಸರಿಯುತ್ತದೆ. ಸವೆದ ಪುಡಿ ಬಹುಪಾಲು ಕೆಂಪು ರಕ್ತಕಣಕ್ಕಿಂತ ಸಣ್ಣದಾದ್ದರಿಂದ ರಕ್ತದಲ್ಲೇ ಸಾಗಿ ಹೋಗುತ್ತದೆ.

ಆಮೇಲೆ ರಕ್ತನಾಳದ ಒಳಗಿನಿಂದಲೇ ಅಲ್ಟ್ರಾಸೌಂಡ್ ಮಾಡಿ ನೋಡಿದರು. ಅದಕ್ಕೆ ಡೈ ಬೇಕಾಗಿಲ್ಲ, ಕಿಡ್ನಿಗೆ ಹೊರೆಯಿಲ್ಲ. ಆ ಕಾಳಜಿಗೆ ಬೇರೆಯೇ ಒಂದು ನಮಸ್ಕಾರ. ಗೋಡೆಯ ಆಳದಲ್ಲಿ ಕ್ಯಾಲ್ಸಿಯಂ ಇನ್ನೂ ಬಳೆಯ ಹಾಗೆ ಸುತ್ತಿಕೊಂಡಿತ್ತು. ಅದಕ್ಕೆ ಶಾಕ್‌ವೇವ್ ಬಲೂನ್ ಬಳಸಿದರು. ಬಲೂನಿನ ಒಳಗಿನ ದ್ರವದಲ್ಲಿ ವಿದ್ಯುತ್ ಕಿಡಿ ಹಾರುತ್ತದೆ, ಅದರಿಂದ ಎದ್ದ ಅಲೆ ಕ್ಯಾಲ್ಸಿಯಂನಲ್ಲಿ ಬಿರುಕು ಬಿಡಿಸುತ್ತದೆ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕಿಡ್ನಿ ಕಲ್ಲು ಒಡೆಯಲು ಮೊದಲು ಬಳಸಿದ ಉಪಾಯವೇ ಇದು. ಅದನ್ನು ಹೃದಯದ ರಕ್ತನಾಳಕ್ಕೆ ಹೊಂದಿಸಿದವರ ಮುಖ ನಾನು ನೋಡಿಲ್ಲ. ಅವರಿಗೂ ಕೈ ಮುಗಿಯುತ್ತೇನೆ. ಹಿಂದೆ ಉಬ್ಬದೆ ಹಟ ಹಿಡಿದಿದ್ದ ಜಾಗದಲ್ಲಿ ಸ್ಟೆಂಟ್ ಪೂರ್ತಿ ಬಿಚ್ಚಿಕೊಂಡಿತು.

ಅಮ್ಮ ಇಷ್ಟಕ್ಕೂ ಎಚ್ಚರವಾಗಿಯೇ ಇದ್ದಳು. ಯಂತ್ರ ಸದ್ದು ಮಾಡಿದಾಗಲೆಲ್ಲ, "ಈಗ ನಿಲ್ಲುತ್ತೆ ಅಮ್ಮಾ, ಉಸಿರಾಡ್ತಾ ಇರಿ" ಎಂದು ಧೈರ್ಯ ಹೇಳಿದ ನರ್ಸ್ ಅಕ್ಕನ ಹೆಸರು ಕೇಳಿಕೊಂಡು ಬರಲಿಲ್ಲವಲ್ಲ ಅಂತ ಅಮ್ಮ ಇನ್ನೂ ಕೊರಗುತ್ತಾಳೆ. ಅಕ್ಕ, ಇದು ನಿಮ್ಮ ಕಣ್ಣಿಗೆ ಬೀಳಲಿ.

ಇನ್ನು ದುಡ್ಡಿನ ಮಾತು. ಸ್ಟೆಂಟಿಗೆ 2017ರಿಂದ ಸರ್ಕಾರದ ಬೆಲೆ ಮಿತಿ ಇದೆ. ಶಾಕ್‌ವೇವ್ ಬಲೂನ್ ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ, ಒಮ್ಮೆ ಬಳಸಿ ಎಸೆಯುವಂಥದ್ದು. ಕೇಳಿದ ದಿನವೇ ಹಣ ಕಳಿಸಿದ ಚಿಕ್ಕಪ್ಪ, ತಮ್ಮ ಸರದಿಯ ಚೀಟಿ ನಮಗೆ ಬಿಟ್ಟುಕೊಟ್ಟ ಪಕ್ಕದ ಮನೆಯ ಆಂಟಿ, ಒಂದೇ ಸಂಜೆ ಸಭೆ ಸೇರಿ ಸಾಲ ಮಂಜೂರು ಮಾಡಿದ ಅಮ್ಮನ ಮಹಿಳಾ ಸಂಘದವರು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು ಅಂತ ಡಾಕ್ಟರ್ ಒತ್ತಿ ಹೇಳಿದ್ದಾರೆ. ಊರಿನಲ್ಲಿ ಅವು ಖಾಲಿಯಾಗದಂತೆ ತರಿಸಿಡುತ್ತಿರುವ ಮೆಡಿಕಲ್ ಶಾಪ್ ಅಣ್ಣನಿಗೂ ಧನ್ಯವಾದ.

ಸಂಘದವರಿಗೆ ಇನ್ನೊಂದು ವಿಷಯ. ಮುಂದಿನ ಸಭೆಗೆ ಅಮ್ಮ ಬರುತ್ತಾಳೆ. ಸಾಲದ ಮೊದಲ ಕಂತನ್ನು ತಾನೇ ಕೈಯಾರೆ ಕಟ್ಟಬೇಕಂತೆ.